ಸೀಸನ್ ನಡುವೆ ಸೋಲುತ್ತಿರುವ ಎನ್‌ಎಫ್‌ಎಲ್ ತಂಡವನ್ನು ರಿಪೇರಿ ಮಾಡುವುದು ಹೇಗೆ?

ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್. 2022ರ ಅಕ್ಟೋಬರ್ ಕೊನೆಗೆ ಅಲ್ಲಿನ ಡೆಟ್ರಾಯಿಟ್ ಲಯನ್ಸ್ ತಂಡ ಏಳು ಪಂದ್ಯ ಆಡಿತ್ತು. ಗೆದ್ದಿದ್ದು ಒಂದೇ ಒಂದು. ಸೀಸನ್ ಮುಗಿದಾಗ ಅದೇ ತಂಡದ ಲೆಕ್ಕ 9 ಗೆಲುವು, 8 ಸೋಲು. ನಡುವೆ ಅವರು ಯಾವ ಸ್ಟಾರ್ ಆಟಗಾರನನ್ನೂ ಕೊಂಡು ತರಲಿಲ್ಲ. ತಮ್ಮಲ್ಲಿದ್ದ ಒಳ್ಳೆಯ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಪಾಸ್ ಹಿಡಿಯುವ ಎರಡೂ ಕೆಲಸದ ಆಟಗಾರ) ಟಿ.ಜೆ. ಹಾಕಿನ್‌ಸನ್ ಅವರನ್ನೇ ಮಿನ್ನೆಸೋಟಾ ವೈಕಿಂಗ್ಸ್‌ಗೆ ಕೊಟ್ಟರು! ಹಾಗಾದರೆ ರಿಪೇರಿ ಆಗಿದ್ದು ಎಲ್ಲಿ? ಅಮೆರಿಕನ್ ಫುಟ್‌ಬಾಲ್ ನೋಡುವ ಯಾರಿಗಾದರೂ ಇದು ಕುತೂಹಲದ ಪ್ರಶ್ನೆ. ಒಂದು ತಂಡಕ್ಕೆ ಲೀಗ್‌ನಲ್ಲಿ ಸಿಗುವುದೇ 17 ಪಂದ್ಯ. ನಿಧಾನವಾಗಿ ಸುಧಾರಿಸೋಣ ಎನ್ನಲು ಸಮಯವೇ ಇಲ್ಲ.

ರೋಗ ಎಲ್ಲಿದೆ ಎಂದು ಮೊದಲು ನೋಡಿ

ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ. ತಂಡ ಸೋತರೆ ಎಲ್ಲರೂ ಬೈಯುವುದು ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನನ್ನು. ಆದರೆ ಚೆಂಡು ಎಸೆಯಲು ಅವನಿಗೆ ಸಿಗುವುದು ಸುಮಾರು ಎರಡೂವರೆ ಸೆಕೆಂಡ್. ಅವನನ್ನು ಕಾಯಲು ಮುಂದೆ ನಿಂತ ಐದು ಜನರ ಅಫೆನ್ಸಿವ್ ಲೈನ್ ಅದಕ್ಕಿಂತ ಮೊದಲೇ ಒಡೆದರೆ, ಪಾಸ್ ಹಿಡಿಯಲು ಓಡುತ್ತಿರುವ ರಿಸೀವರ್ ತನ್ನ ಜಾಗ ತಲುಪಿಯೇ ಇರುವುದಿಲ್ಲ. ಆಗ ಅವಸರದ ಎಸೆತ, ಇಂಟರ್‌ಸೆಪ್ಶನ್ (ಚೆಂಡು ಎದುರಾಳಿಯ ಕೈಗೆ). ಅಂಕಿಅಂಶದಲ್ಲಿ ತಪ್ಪು ಕ್ವಾರ್ಟರ್‌ಬ್ಯಾಕ್ ಹೆಸರಿಗೆ ಬೀಳುತ್ತದೆ. ಡಿಫೆನ್ಸ್‌ನಲ್ಲೂ ಇದೇ ಕಥೆ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ಯಾರೂ ಒತ್ತಡ ಹಾಕದಿದ್ದರೆ ಎಂಥ ಕಾರ್ನರ್‌ಬ್ಯಾಕ್ ಆದರೂ ಎಷ್ಟು ಹೊತ್ತು ರಿಸೀವರ್ ಬೆನ್ನು ಹತ್ತಿಯಾನು?

ಹಾಗಾಗಿ ಸ್ಕೋರ್ ಬಿಟ್ಟು ಪಂದ್ಯದ ವಿಡಿಯೊ ನೋಡಬೇಕು. ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಪ್ರಯತ್ನ ಸಿಗುತ್ತವೆ, ಅಲ್ವಾ? ಮೂರನೇ ಪ್ರಯತ್ನದಲ್ಲಿ ನಿಮ್ಮ ತಂಡ ಯಾವಾಗಲೂ ಸೋಲುತ್ತಿದ್ದರೆ, ಆಗ ಎಷ್ಟು ಯಾರ್ಡ್ ಬಾಕಿ ಇತ್ತು ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಸಲ ಎಂಟೋ ಒಂಬತ್ತೋ ಬಾಕಿ ಇದ್ದರೆ ತೊಂದರೆ ಇರುವುದು ಮೊದಲ ಎರಡು ಪ್ರಯತ್ನಗಳಲ್ಲಿ.

ಮನೆಯೊಳಗೆ ಹುಡುಕಿ

ಮುಖ್ಯ ಪಟ್ಟಿಯಲ್ಲಿ 53 ಆಟಗಾರರು. ಅದರಾಚೆ ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಇನ್ನೂ 16 ಜನ. ಇವರಲ್ಲಿ ಇಬ್ಬರನ್ನು ಒಂದು ಪಂದ್ಯದ ಮಟ್ಟಿಗೆ ಮೇಲೆ ತರಬಹುದು. ಒಬ್ಬನನ್ನು ಸೀಸನ್‌ನಲ್ಲಿ ಹೀಗೆ ಮೂರು ಸಲ ಬಳಸಬಹುದು. ಇದಕ್ಕೆ ಡ್ರಾಫ್ಟ್ ಆಯ್ಕೆ (ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸುವ ಸರದಿ) ಕಳೆದುಕೊಳ್ಳಬೇಕಿಲ್ಲ, ಯಾರ ಜೊತೆಗೂ ಚೌಕಾಸಿ ಬೇಕಿಲ್ಲ.

ಲಯನ್ಸ್ ಕಥೆಗೆ ಇಲ್ಲಿ ಉತ್ತರದ ಒಂದು ಭಾಗ ಸಿಗುತ್ತದೆ. ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ ಜೇಮ್ಸ್ ಹ್ಯೂಸ್ಟನ್ ಅವರನ್ನು ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಪಂದ್ಯಕ್ಕೆ ಪ್ರಾಕ್ಟೀಸ್ ಸ್ಕ್ವಾಡ್‌ನಿಂದ ಕರೆಸಿದರು. ಅವರು ಏಳು ಪಂದ್ಯಗಳಲ್ಲಿ 8 ಸ್ಯಾಕ್ ಮಾಡಿದರು, ಅಂದರೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡು ಎಸೆಯುವ ಮೊದಲೇ ಕೆಡವಿದರು. ಆ ಹುಡುಗ ಅಷ್ಟು ದಿನ ಅವರ ಮೈದಾನದಲ್ಲೇ ಇದ್ದ!

ಆಟದ ರೀತಿ ಬದಲಿಸಿ

ಒಳ್ಳೆಯ ಲೈನ್‌ಮ್ಯಾನ್ ಸೀಸನ್ ನಡುವೆ ಸುಲಭವಾಗಿ ಸಿಗುವುದಿಲ್ಲ. ಅಂಥವರನ್ನು ಯಾರೂ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಆ ದೌರ್ಬಲ್ಯವನ್ನು ಮುಚ್ಚಬೇಕು. ಚಿಕ್ಕ, ಬೇಗನೆ ಎಸೆಯುವ ಪಾಸ್ ಜಾಸ್ತಿ ಮಾಡಿ. ಸೋಲುತ್ತಿರುವ ಟ್ಯಾಕಲ್ (ಲೈನ್‌ನ ತುದಿಯ ಆಟಗಾರ) ಪಕ್ಕಕ್ಕೆ ಒಬ್ಬ ಟೈಟ್ ಎಂಡ್‌ನನ್ನು ನಿಲ್ಲಿಸಿ. ಮೊದಲ ಪ್ರಯತ್ನದಲ್ಲಿ ಓಟದ ಆಟ ಆಡಿ.

ವೇವರ್ಸ್ ಪಟ್ಟಿ ಬಿಡಬೇಡಿ

ಬೇರೆ ತಂಡ ಕೈಬಿಟ್ಟ ಆಟಗಾರರು ಈ ಪಟ್ಟಿಗೆ ಬರುತ್ತಾರೆ. ಸೀಸನ್‌ನ ಮೊದಲ ಕೆಲವು ವಾರ ಕಳೆದ ಮೇಲೆ, ಜಾಸ್ತಿ ಸೋತ ತಂಡಕ್ಕೇ ಮೊದಲ ಹಕ್ಕು. 2022ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಬೇಕರ್ ಮೇಫೀಲ್ಡ್ ಅವರನ್ನು ಹೀಗೆ ಮಂಗಳವಾರ ಪಡೆಯಿತು. ಗುರುವಾರವೇ ಅವರು ಕೊನೆ ಗಳಿಗೆಯಲ್ಲಿ ತಂಡವನ್ನು 98 ಯಾರ್ಡ್ ಮುನ್ನಡೆಸಿ ರೇಡರ್ಸ್ ವಿರುದ್ಧ 17–16ರಿಂದ ಗೆಲ್ಲಿಸಿದರು. ಅದರಿಂದ ಸೀಸನ್ ಉಳಿಯಲಿಲ್ಲ, ನಿಜ. ಗಾಯಗೊಂಡ ಒಬ್ಬನ ಜಾಗ ತುಂಬಲು ಮಾತ್ರ ಈ ದಾರಿ ಸಾಕು.

ಟ್ರೇಡ್ ಕೊನೆಯ ಆಯುಧ

ಈಗಿನ ನಿಯಮದಂತೆ ಒಂಬತ್ತನೇ ವಾರ ಮುಗಿದ ನಂತರದ ಮಂಗಳವಾರ ಟ್ರೇಡ್ (ತಂಡಗಳ ನಡುವಿನ ಆಟಗಾರರ ವಿನಿಮಯ) ಗಡುವು. ಫೋನ್ ಎತ್ತುವ ಮೊದಲು ಸ್ಯಾಲರಿ ಕ್ಯಾಪ್‌ನಲ್ಲಿ (ತಂಡದ ಒಟ್ಟು ಸಂಬಳದ ಮಿತಿ) ಜಾಗ ಇದೆಯೇ ನೋಡಿ. ಬರುವ ಆಟಗಾರನ ಉಳಿದ ಸಂಬಳ ನಿಮ್ಮ ಲೆಕ್ಕಕ್ಕೇ ಬರುತ್ತದೆ.

2018ರಲ್ಲಿ ಡಲ್ಲಾಸ್ ಕೌಬಾಯ್ಸ್ 3 ಗೆದ್ದು 4 ಸೋತಿತ್ತು. ಅವರಿಗೆ ಬೇಕಿದ್ದದ್ದು ಒಬ್ಬ ನಂಬರ್ ಒನ್ ರಿಸೀವರ್. ಮೊದಲ ಸುತ್ತಿನ ಆಯ್ಕೆ ಕೊಟ್ಟು ಅಮಾರಿ ಕೂಪರ್ ಅವರನ್ನು ತಂದರು. ತಂಡ 10–6ರೊಂದಿಗೆ ತನ್ನ ವಿಭಾಗ ಗೆದ್ದಿತು. ಒಂದೇ ಖಾಲಿ ಜಾಗ ಇತ್ತು, ಅದು ತುಂಬಿತು.

ಇನ್ನು 2022ರ ಶಿಕಾಗೊ ಬೇರ್ಸ್ ನೋಡಿ. 3–5ರಲ್ಲಿದ್ದಾಗ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ಗೆ ಎರಡನೇ ಸುತ್ತಿನ ಆಯ್ಕೆ ಕೊಟ್ಟು ರಿಸೀವರ್ ಚೇಸ್ ಕ್ಲೇಪೂಲ್ ಅವರನ್ನು ತಂದರು. ಆಮೇಲೆ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ತಂಡ ಎಲ್ಲರಿಗಿಂತ ಕೆಳಗಿಳಿದದ್ದರಿಂದ, ಕೊಟ್ಟ ಆಯ್ಕೆ ಎರಡನೇ ಸುತ್ತಿನ ಮೊಟ್ಟಮೊದಲನೆಯದಾಯಿತು. ಸ್ಟೀಲರ್ಸ್ ಅದರಲ್ಲಿ ಜೋಯ್ ಪೋರ್ಟರ್ ಜೂನಿಯರ್ ಅವರನ್ನು ಆರಿಸಿಕೊಂಡಿತು. ಸೋಲುವ ತಂಡದ ಆಯ್ಕೆಗೆ ಬೆಲೆ ಜಾಸ್ತಿ. ಅದನ್ನು ಸುಮ್ನೆ ಕೊಟ್ಟುಬಿಡಬಾರದು.

ನಾಲ್ಕೈದು ಕಡೆ ಒಟ್ಟಿಗೆ ತೂತು ಬಿದ್ದಿದ್ದರೆ ಕೊಳ್ಳಬೇಡಿ, ಮಾರಿ. ಒಪ್ಪಂದ ಮುಗಿಯುತ್ತಿರುವ ಹಿರಿಯರನ್ನು ಕೊಟ್ಟು ಡ್ರಾಫ್ಟ್ ಆಯ್ಕೆ ಪಡೆಯಿರಿ. ಆ ಜಾಗದಲ್ಲಿ ಹೊಸಬರನ್ನು ಆಡಿಸಿ. ಗಡುವು ಮುಗಿದ ಮೇಲೂ ಜಾಗ್ರತೆಯಾಗಿರಿ. ಆಗ ಕೈಬಿಟ್ಟ ಅನುಭವಿ ಆಟಗಾರರೂ ವೇವರ್ಸ್ ಮೂಲಕವೇ ಹೋಗಬೇಕು. ಅವರ ಮೇಲೂ ಮೊದಲ ಹಕ್ಕು ಜಾಸ್ತಿ ಸೋತ ತಂಡದ್ದೇ.