ನಿಂತ ವಿಮಾನಗಳ ಕಾವಲು: ದೇವನಹಳ್ಳಿಯಲ್ಲಿ ಲಾಕ್‌ಡೌನ್ ದಿನಗಳು

"ಲಾಕ್‌ಡೌನ್ ಟೈಮಲ್ಲಿ ವಿಮಾನಗಳೇ ಹಾರಲಿಲ್ಲ, ನಿಮಗೆ ಆರಾಮಾಗಿ ರಜೆ ಇತ್ತು ಅಲ್ವಾ?" ಎಂದು ಈಗಲೂ ಜನ ಕೇಳುತ್ತಾರೆ. ಇರಲಿಲ್ಲ. ನಾನು ವಿಮಾನ ನಿರ್ವಹಣೆಯ ಎಂಜಿನಿಯರ್. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಏರ್‌ಬಸ್ ಎ320 ವಿಮಾನಗಳ ಮೇಲೆ ಕೆಲಸ. ದಿನಾ ಹಾರುವ ವಿಮಾನಕ್ಕಿಂತ ಸುಮ್ನೆ ನಿಂತ ವಿಮಾನವೇ ಜಾಸ್ತಿ ಆರೈಕೆ ಕೇಳುತ್ತದೆ. 2020ರ ಮಾರ್ಚ್‌ನಿಂದ ಮೇ ತನಕ ಅದನ್ನು ನಾವು ಹೇಗೆ ಮಾಡಿದೆವು ಎಂದು ಎಲ್ಲೂ ಬರೆದಿಟ್ಟಿರಲಿಲ್ಲ. ಅದಕ್ಕೇ ಇದು.

ಹೊರದೇಶದ ವಿಮಾನಗಳು ಮಾರ್ಚ್ 22ಕ್ಕೇ ನಿಂತಿದ್ದವು. ದೇಶದೊಳಗಿನವು ನಿಂತದ್ದು 24ರ ಮಧ್ಯರಾತ್ರಿ. ಆ ಸಂಜೆ ಒಂದರ ಹಿಂದೆ ಒಂದು ವಿಮಾನ ಇಳಿಯಿತು, ಜನರನ್ನು ಇಳಿಸಿತು, ಮತ್ತೆ ಹೊರಡಲಿಲ್ಲ. ನಮ್ಮ ನಿಲ್ದಾಣದಲ್ಲಿ 2019ರಲ್ಲಿ 3 ಕೋಟಿಗೂ ಹೆಚ್ಚು ಜನ ಓಡಾಡಿದ್ದರು. ಅಷ್ಟು ಜನ ಹೇಗೆ ಹಿಡಿಸುತ್ತಾರೆ ಎಂದರೆ, ಯಾವ ವಿಮಾನವೂ ಒಂದು ಕಡೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಅರ್ಧ ಮುಕ್ಕಾಲು ಗಂಟೆಯಲ್ಲಿ ಬೇ (ಒಂದು ವಿಮಾನ ನಿಲ್ಲುವ ಜಾಗ) ಖಾಲಿಯಾಗಿ ಮುಂದಿನದ್ದು ಬರುತ್ತದೆ. ಎಲ್ಲವೂ ಒಟ್ಟಿಗೆ ನೆಲದ ಮೇಲೆ ಇರುತ್ತವೆ ಎಂದುಕೊಂಡು ಕಟ್ಟಿದ ಜಾಗ ಅದಲ್ಲ. ಹಾಗಾಗಿ ಮೊದಲ ತಲೆನೋವು ಜಾಗದ್ದೇ. ಮಾಮೂಲಿಯಾಗಿ ನಿಲ್ಲಿಸದ ಕಡೆಯಲ್ಲೂ ರೆಕ್ಕೆಗೆ ರೆಕ್ಕೆ ಹತ್ತಿರ ತಂದು, ವಿಮಾನ ಎಳೆಯುವ ಟಗ್ ಗಾಡಿ ಓಡಾಡಲು ಜಾಗ ಬಿಟ್ಟು, ಯಾವುದು ಮೊದಲು ಹೊರಗೆ ಬರಬೇಕಾದೀತು ಎಂದು ಅಂದಾಜು ಮಾಡಿ ಸಾಲು ಮಾಡಿದೆವು.

ಆಮೇಲೆ ಸದ್ದು ನಿಂತಿತು.

ರ‍್ಯಾಂಪಿನಲ್ಲಿ (ವಿಮಾನ ನಿಲ್ಲುವ ಅಂಗಳದಲ್ಲಿ) ಕೆಲಸ ಮಾಡುವವರು ಯಾವಾಗಲೂ ಕಿವಿ ಮುಚ್ಚಿಕೊಂಡೇ ಇರುತ್ತೇವೆ. ಮಾತಿಗಿಂತ ಕೈಸನ್ನೆಯೇ ಜಾಸ್ತಿ. ಈಗ ಎರಡು ಬೇ ಆಚೆ ಯಾರೋ ಸ್ಪ್ಯಾನರ್ ಬೀಳಿಸಿದರೂ ಕೇಳುತ್ತಿತ್ತು. ಟಿಟ್ಟಿಭ ಕೂಗುವುದು, ಬೇಲಿಯಾಚೆ ನಾಯಿ ಬೊಗಳುವುದು, ಎಲ್ಲವೂ ಕೇಳಿಸುತ್ತಿತ್ತು. ಎಂಜಿನ್ನಿಗೆ ಇನ್ನೂ ಕವರ್ ಹಾಕಿರದ ವಿಮಾನಗಳಲ್ಲಿ ಗಾಳಿಗೆ ಫ್ಯಾನ್ ತಾನಾಗೇ ತಿರುಗುತ್ತಿತ್ತು. ಬ್ಲೇಡುಗಳು ಬುಡದಲ್ಲಿ ಒಂಚೂರು ಸಡಿಲವಾಗಿಯೇ ಕೂತಿರುತ್ತವೆ, ವೇಗ ಬಂದಾಗ ತಾವೇ ಬಿಗಿಯಾಗುತ್ತವೆ. ನಿಧಾನ ತಿರುಗುವಾಗ ಕಟಕಟ ಎನ್ನುತ್ತವೆ. ರಾತ್ರಿ ಪಾಳಿಯಲ್ಲಿ ಸಾಲಿನ ಆ ತುದಿಯಿಂದ ಈ ತುದಿವರೆಗೆ ಆ ಕಟಕಟ ಸದ್ದು ಬರುತ್ತಿದ್ದಾಗ, ಅದು ಏನೆಂದು ಚೆನ್ನಾಗಿ ಗೊತ್ತಿದ್ದ ನನಗೂ ಮೈ ಜುಂ ಎನ್ನುತ್ತಿತ್ತು. ಟರ್ಮಿನಲ್ ಒಳಗಂತೂ ನಿಲ್ಲಲಾಗುತ್ತಿರಲಿಲ್ಲ. ಕನ್ವೇಯರ್ ನಿಂತಿದೆ, ಟ್ರಾಲಿಗಳೆಲ್ಲ ಸಾಲಾಗಿ ನಿಂತಿವೆ, ಸಿಐಎಸ್ಎಫ್‌ನವರು ಮಾತ್ರ ತಮ್ಮ ಜಾಗದಲ್ಲಿ ಮಾಸ್ಕ್ ಹಾಕಿಕೊಂಡು ಕಾಯುತ್ತಿದ್ದಾರೆ. ನಮ್ಮ ಹೆಜ್ಜೆ ಸದ್ದೇ ನಮ್ಮ ಹಿಂದೆ ಬರುತ್ತಿತ್ತು.

ಕೆಲಸದ ವಿಷಯಕ್ಕೆ ಬರುತ್ತೇನೆ. ಮೊದಲು ಮುಚ್ಚುವುದು. ಎಂಜಿನ್ನಿನ ಮುಂದೆ, ಹಿಂದೆ, ಬಾಲದಲ್ಲಿರುವ ಎಪಿಯು ಎಂಬ ಸಣ್ಣ ಸಹಾಯಕ ಎಂಜಿನ್ನಿಗೆ, ಎಲ್ಲದಕ್ಕೂ ಕವರ್. ಎಲ್ಲಕ್ಕಿಂತ ಮುಖ್ಯ ಪಿಟಾಟ್ ಟ್ಯೂಬ್. ಮೂಗಿನ ಹತ್ತಿರ ಬೆರಳಿನಷ್ಟು ಗಾತ್ರದ ಕೊಳವೆ ಅದು. ಅದರೊಳಗೆ ನುಗ್ಗುವ ಗಾಳಿಯ ಒತ್ತಡ ನೋಡಿಯೇ ವಿಮಾನಕ್ಕೆ ತನ್ನ ವೇಗ ಗೊತ್ತಾಗುವುದು. ಮಣ್ಣಿನ ಗೂಡು ಕಟ್ಟುವ ಕಣಜದ ಹುಳುವಿಗೆ ಅಂಥ ತೂತು ಎಂದರೆ ಬಲು ಇಷ್ಟ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಿಂದ ಹೊರಟ ಬಿರ್ಗೆನ್‌ಏರ್‌ನ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಜನರೂ ಸತ್ತರು. ವಾರಗಟ್ಟಲೆ ಹಾರದೆ ನಿಂತಿದ್ದ ವಿಮಾನ, ಕೊನೆಯ ಕೆಲವು ದಿನವಾದರೂ ಪಿಟಾಟ್‌ಗೆ ಕವರ್ ಇರಲಿಲ್ಲ. ಒಂದು ಪಿಟಾಟ್ ಟ್ಯೂಬ್ ಮುಚ್ಚಿಹೋಗಿತ್ತು, ಹುಳುವಿನ ಗೂಡೇ ಕಾರಣವಿರಬೇಕು ಎಂದು ತನಿಖೆಯವರು ಹೇಳಿದರು. ಹೊಸ ಹುಡುಗರಿಗೆ ಇದನ್ನು ಹೇಳಿದ ಮೇಲೆ ಕವರಿನ ಪಟ್ಟಿ ಎಳೆದು ಗಟ್ಟಿಯಾಗಿದೆಯಾ ಎಂದು ಎರಡೆರಡು ಸಲ ನೋಡಲು ನಾನು ಮತ್ತೆ ನೆನಪಿಸಬೇಕಾಗಲಿಲ್ಲ.

ಚಕ್ರಗಳದ್ದು ಬೇರೆ ಕಥೆ. ಕಾರಿನ ಟೈರಿಗೆ 30–35 ಪಿಎಸ್ಐ ಗಾಳಿ ಸಾಕು. ಎ320ರ ಮುಖ್ಯ ಚಕ್ರಕ್ಕೆ 200ರ ಆಸುಪಾಸು, ಅದೂ ನೈಟ್ರೋಜನ್. ಖಾಲಿ ವಿಮಾನವೇ 40 ಟನ್ನಿಗಿಂತ ಜಾಸ್ತಿ ತೂಗುತ್ತದೆ. ಅಷ್ಟು ಭಾರ ಒಂದೇ ಕಡೆ ಕೂತರೆ ಟೈರಿನ ಆ ಭಾಗ ಚಪ್ಪಟೆಯಾಗುತ್ತದೆ. ಆದ್ದರಿಂದ ಆಗಾಗ ಚಕ್ರ ಉರುಳಿಸಬೇಕು. ಟೈರ್ ನೆಲಕ್ಕೆ ತಾಗಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆವು. ಟಗ್ ಕಟ್ಟಿ, ಒಬ್ಬರು ಕಾಕ್‌ಪಿಟ್‌ನಲ್ಲಿ ಬ್ರೇಕ್ ಹತ್ತಿರ ಕೂತು, ರೆಕ್ಕೆಗೊಬ್ಬರು ನಡೆಯುತ್ತಾ, ಗೆರೆ ಮೇಲೆ ಬರುವಷ್ಟು ಮಾತ್ರ ಸರಿಸುವುದು. ಕೇಳಲು ಸುಲಭ. ಪಕ್ಕದ ವಿಮಾನದ ರೆಕ್ಕೆ ಅಲ್ಲೇ ಇರುವಾಗ ಎಲ್ಲರ ಕಣ್ಣೂ ರೆಕ್ಕೆತುದಿಯ ಮೇಲೇ.

ಇಂಧನ ಪೂರ್ತಿ ತೆಗೆಯುವಂತಿಲ್ಲ. ಬೆಂಗಳೂರಿನ ಏಪ್ರಿಲ್ ಮೇ ಮಳೆ ಗೊತ್ತಲ್ಲ, ಸಂಜೆ ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದುಬಿಡುತ್ತದೆ. ಹಗುರ ವಿಮಾನ ಗಾಳಿಗೆ ಅಲುಗಾಡುತ್ತದೆ, ಟ್ಯಾಂಕಿನಲ್ಲಿ ಇಂಧನವಿದ್ದರೆ ಭಾರ ಇರುತ್ತದೆ. ಆದರೆ ಟ್ಯಾಂಕಿನ ಗಾಳಿಯ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ, ಆ ನೀರಿಗೂ ಇಂಧನಕ್ಕೂ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ಅದಕ್ಕೇ ರೆಕ್ಕೆಯ ಕೆಳಗಿನ ಡ್ರೈನ್‌ನಿಂದ ಸ್ವಲ್ಪ ಇಂಧನವನ್ನು ಒಂದು ಜಾರ್‌ನಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವುದು, ನೀರು ಪೂರ್ತಿ ಹೋಗುವ ತನಕ ಹಿಡಿಯುವುದು. ಬ್ಯಾಟರಿ ಬಿಚ್ಚುವುದು, ಕುಡಿಯುವ ನೀರಿನ ಟ್ಯಾಂಕ್ ಖಾಲಿ ಮಾಡುವುದು, ಕಿಟಕಿಯ ಪರದೆ ಇಳಿಸುವುದು, ಇವೆಲ್ಲ ಬೇಗ ಮುಗಿಯುವಂಥವು.

ಜಾಸ್ತಿ ಕಾಡಿದ್ದು ಗೊರವಂಕಗಳು. ಜನ ಇಲ್ಲ, ಸದ್ದಿಲ್ಲ, ನೆರಳಿದೆ. ಗೂಡಿಗೆ ಇನ್ನೇನು ಬೇಕು? ಬಾಲದ ಹತ್ತಿರದ ಸಂದಿಗಳಲ್ಲಿ, ಚಕ್ರ ಮಡಚುವ ಗೂಡಿನಲ್ಲಿ ಹುಲ್ಲು ತಂದು ತುರುಕುತ್ತಿದ್ದವು. ಬೆಳಿಗ್ಗೆ ತೆಗೆದರೆ ಮಧ್ಯಾಹ್ನ ಮತ್ತೆ ಹಾಜರ್. ಟಾರ್ಚ್ ಹಿಡಿದು ಪ್ರತಿ ಸಂದಿಗೂ ಇಣುಕುವುದು ನಮ್ಮ ದಿನದ ಕೆಲಸವಾಯಿತು. ಮೊಟ್ಟೆ ಇಡುವ ಮುಂಚೆಯೇ ಹುಲ್ಲು ತೆಗೆದುಬಿಡಬೇಕು ಎಂಬುದು ನಮ್ಮ ಗುಂಪಿನ ಹಟ.

ಮೊದಲಿಗೆ 21 ದಿನ ಎಂದಿದ್ದರು, ಅಷ್ಟಕ್ಕೇ ತಯಾರಿ ಮಾಡಿದ್ದೆವು. ಅದು ಏಪ್ರಿಲ್ 14ರಿಂದ ಮೇ 3ಕ್ಕೆ ಹೋಯಿತು, ಅಲ್ಲಿಂದ 17ಕ್ಕೆ, ಮತ್ತೆ 31ಕ್ಕೆ. ಟಿವಿಯಲ್ಲಿ ಒಂದೊಂದು ಸಲ ಘೋಷಣೆ ಆದಾಗಲೂ ನಮಗೆ ಕೈಪಿಡಿಯಲ್ಲಿ ಇನ್ನೊಂದು ಪಟ್ಟಿ ತೆರೆಯುತ್ತಿತ್ತು. ವಾರಕ್ಕೊಮ್ಮೆ ಮಾಡುವುದು ಬೇರೆ, ಹದಿನೈದು ದಿನಕ್ಕೆ ಬೇರೆ, ತಿಂಗಳು ದಾಟಿದರೆ ಬೇರೆ. ಕೆಲವು ವಿಮಾನಗಳನ್ನು ಯಾವಾಗ ಕರೆದರೂ ಹಾರುವಂತೆ ಇಟ್ಟೆವು. ಅವುಗಳ ಎಂಜಿನ್ ಆಗಾಗ ಚಾಲೂ ಮಾಡಬೇಕಿತ್ತು. ಆ ಹೊತ್ತು ನನಗೆ ಇಡೀ ದಿನದಲ್ಲೇ ಇಷ್ಟ. ಕವರ್ ತೆಗೆದು, ಸುತ್ತ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಮೊದಲು ಎಪಿಯು, ಆಮೇಲೆ ಒಂದೊಂದೇ ಎಂಜಿನ್. ಅಷ್ಟು ದಿನದ ಮೌನದಲ್ಲಿ ಒಂದೇ ಒಂದು ಎಂಜಿನ್ ಎದ್ದರೆ ಅದರ ಸದ್ದು ಎಷ್ಟು ದೂರ ಹೋಗುತ್ತದೆ ಎಂದರೆ, ಕಾರ್ಗೋ ಕಡೆಯ ಹುಡುಗರು ಕೆಲಸ ಬಿಟ್ಟು ಹೊರಗೆ ಬಂದು ನೋಡುತ್ತಿದ್ದರು. ಸರಕು ವಿಮಾನಗಳು ಮಾತ್ರ ಆಗಲೂ ಬರುತ್ತಿದ್ದವು, ಅವು ಬಂದು ಹೋದ ಮೇಲೆ ಮೌನ ಇನ್ನೂ ದಪ್ಪಗಾದಂತೆ ಅನ್ನಿಸುತ್ತಿತ್ತು.

ನಮ್ಮನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿನಲ್ಲಿ ಯಾರಿಗಾದರೂ ಕೊರೋನಾ ಬಂದರೆ ಇನ್ನೊಂದು ಕೆಲಸ ಮುಂದುವರಿಸಲಿ ಎಂದು. ಹಾಗಾಗಿ ವರ್ಷಗಟ್ಟಲೆ ಜೊತೆಗೆ ಚಹಾ ಕುಡಿದವರು ಬರೀ ಲಾಗ್‌ಬುಕ್‌ನಲ್ಲಿ ಭೇಟಿಯಾಗುತ್ತಿದ್ದೆವು. "ಮೂರನೇ ಸಾಲಿನ ವಿಮಾನದ ಬಾಲದಲ್ಲಿ ಗೂಡು, ಸಂಜೆ ಮತ್ತೆ ನೋಡಿ" ಎಂಬ ಅವರ ಕೈಬರಹ ಕಂಡರೆ ಅವರು ಚೆನ್ನಾಗಿದ್ದಾರೆ ಎಂದು ಗೊತ್ತಾಗುತ್ತಿತ್ತು.

ಮೇ 25ಕ್ಕೆ ದೇಶದೊಳಗಿನ ಹಾರಾಟ ಶುರುವಾಯಿತು. ಹಿಂದಿನ ರಾತ್ರಿ ಕವರುಗಳನ್ನು ಬಿಚ್ಚಿ, ಪಟ್ಟಿಯ ಎದುರು ಒಂದೊಂದನ್ನೂ ಎಣಿಸಿ ಟಿಕ್ ಹಾಕಿದೆವು. ನನ್ನ ಅಭಿಪ್ರಾಯದಲ್ಲಿ ನಿಲ್ಲಿಸುವುದಕ್ಕಿಂತ ಎಬ್ಬಿಸುವಾಗಲೇ ಎಚ್ಚರ ಜಾಸ್ತಿ ಬೇಕು. ಜುಲೈನಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್ಎಎ, ಮ್ಯಾಕ್ಸ್‌ಗಿಂತ ಹಿಂದಿನ ಮಾದರಿಯ ಬೋಯಿಂಗ್ 737ಗಳಿಗೆ ತುರ್ತು ಆದೇಶ ಕೊಟ್ಟಿತು. ಏಳು ದಿನ ನಿಂತರೂ ಸಾಕು, ಎಂಜಿನ್ನಿನ ಒಂದು ವಾಲ್ವ್ ತುಕ್ಕಿನಿಂದ ಅಂಟಿಕೊಂಡು ಎಂಜಿನ್ ನಿಲ್ಲಬಹುದು, ಪರೀಕ್ಷೆ ಮಾಡಿ ಎಂದು. ಆಗಸ್ಟ್‌ನಲ್ಲಿ ಯುರೋಪಿನ ಅಂಥದೇ ಸಂಸ್ಥೆ ಈಸಾ, ನಿಲ್ಲಿಸಿಟ್ಟ ವಿಮಾನಗಳು ಮತ್ತೆ ಹಾರಿದಾಗ ವೇಗ ತಪ್ಪು ತೋರಿಸುತ್ತಿವೆ ಎಂದು ಎಚ್ಚರಿಸಿತು. ಅದೇ ಪಿಟಾಟ್ ಟ್ಯೂಬ್!

ಇಷ್ಟೆಲ್ಲ ಮಾಡಿದವರಲ್ಲಿ ನಮ್ಮಂಥ ಲೈಸೆನ್ಸ್ ಇರುವವರು ಕೆಲವರೇ. ಟಗ್ ಓಡಿಸಿದವರು, ರೆಕ್ಕೆತುದಿ ಕಾಯ್ದವರು, ಮಳೆಯಲ್ಲಿ ನೆನೆದ ಕವರ್ ಹೊತ್ತವರು ಹೆಚ್ಚಾಗಿ ಗುತ್ತಿಗೆಯವರು. ಹೆಬ್ಬಾಳದ ಹತ್ತಿರ ಪೊಲೀಸರಿಗೆ ಪಾಸ್ ತೋರಿಸಿ, ಖಾಲಿ ಬಳ್ಳಾರಿ ರಸ್ತೆಯಲ್ಲಿ ಭಯದಲ್ಲೇ ಬಂದು ಹೋದವರು. ಹಾರಾಟ ಕಮ್ಮಿ ಎಂಬ ಕಾರಣ ಕೊಟ್ಟು ಅವರಲ್ಲಿ ಎಷ್ಟೋ ಜನರನ್ನು ಜೂನ್, ಜುಲೈನಲ್ಲಿ ಮನೆಗೆ ಕಳುಹಿಸಿದರು. ನನಗೆ ಅದು ಈಗಲೂ ನೋವು. ನಮ್ಮ ಟಗ್ ಡ್ರೈವರ್ ಅಣ್ಣ ಈಗ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಹತ್ತಿರ ತಮ್ಮನ ಜೊತೆ ರೇಷ್ಮೆಹುಳು ಸಾಕುತ್ತಾರೆ. ಫೋನ್ ಮಾಡಿದಾಗ, ಕಿರಿದಾದ ಜಾಗದಲ್ಲಿ ತಾವು ಸರಿಸಿದ ಆ ಮೂಲೆಯ ವಿಮಾನದ ನಂಬರ್ ಹೇಳಿ, "ಹಾರ್ತಾ ಇದೆಯಾ ಸಾರ್ ಅದು?" ಎಂದು ಕೇಳುತ್ತಾರೆ. ಹಾರುತ್ತಿದೆ. ಮೊನ್ನೆ ಅದರ ಪಿಟಾಟ್ ನಾನೇ ನೋಡಿದೆ.