ಎರೆಮಣ್ಣಿನ ಇಳಿಜಾರಿನಲ್ಲಿ ಮನೆ: ಮೊದಲು ನೀರಿಗೆ ದಾರಿ, ಆಮೇಲೆ ಪಾಯ

ವಿಜಯಪುರ, ಗದಗ, ಕಲಬುರಗಿ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಸಮನೆಲದಲ್ಲಾದರೆ ಗೋಡೆ ಸೀಳುತ್ತದೆ. ಹಳ್ಳದ ದಂಡೆ, ದಿನ್ನೆಯ ಓರೆಯಲ್ಲಾದರೆ ಮುಂಗಾರಿನ ನೀರು ಆ ಬಿರುಕುಗಳಲ್ಲೇ ಇಳಿದು ಒಳಗಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಮೇಲ್ಪದರ ಕೆಳಕ್ಕೆ ಜಾರುತ್ತದೆ. ಅದಕ್ಕೆ ಕಡಿದಾದ ಗುಡ್ಡವೇ ಬೇಕೆಂದಿಲ್ಲ.

ಮಣ್ಣಿನ ಉಬ್ಬು ತಿಳಿಯಲು 425 ಮೈಕ್ರಾನ್ ಜರಡಿ ಹಿಡಿದ ಒಣಮಣ್ಣನ್ನು 10 ಗ್ರಾಂನಂತೆ 100 ಮಿ.ಲೀ.ನ ಎರಡು ಅಳತೆ ಜಾಡಿಗೆ ಹಾಕಿ. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ ಗಾಳಿ ಬಿಡಿಸಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದು. ಅಲ್ಲಿ ಮಣ್ಣಿನ ಮಟ್ಟ 12, ನೀರಿನಲ್ಲಿ 21 ಮಿ.ಲೀ. ಬಂದರೆ ಹೆಚ್ಚಿದ್ದು 9; ಅದನ್ನು 12ಕ್ಕೆ ಹೋಲಿಸಿದರೆ ಉಬ್ಬು 75%. 50 ದಾಟಿದರೆ ಮಾಮೂಲಿ ಕಲ್ಲುಪಾಯ ಬೇಡ.

ಇಂಥ ಕಡೆ ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬ, ನೆಲದಾಳಕ್ಕೆ ಹಾಕುತ್ತಾರೆ. ಆಳ ಕನಿಷ್ಠ 3.5 ಮೀಟರ್; ಕಂಬದ ವ್ಯಾಸ 300 ಮಿ.ಮೀ. ಇದ್ದರೆ ಬುಡದ ಗಡ್ಡೆಯದು 750 ಮಿ.ಮೀ. ಮೇಲಿನ ಬೀಮಿಗೂ ನೆಲಕ್ಕೂ 80 ಮಿ.ಮೀ. ಸಂದು ಬಿಡಬೇಕು. ಎಷ್ಟೋ ಕಡೆ ಕೆಲಸ ಕೆಡುವುದು ಈ ಸಂದಿನಲ್ಲೇ: ಗೌಂಡಿ ಇಟ್ಟಿಗೆ ಚೂರು, ಮಣ್ಣು ತುಂಬಿ ಹೋಗುತ್ತಾನೆ, ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಆದರೆ ನೆನಪಿರಲಿ, ಈ ಪೈಲ್ ತಡೆಯುವುದು ಮೇಲೆತ್ತುವ ಬಲವನ್ನು. ಜಾರುವ ಗುಡ್ಡದ ಅಡ್ಡನೂಕನ್ನು ತಡೆಯಲೆಂದು ಅದನ್ನು ಲೆಕ್ಕ ಹಾಕಿರುವುದಿಲ್ಲ. ಪೈಲ್ ಹಾಕಿದೆವಲ್ಲ ಎಂದು ನೆಮ್ಮದಿಯಿಂದಿರುವುದು ತಪ್ಪು.

ಜಾರುವಿಕೆಗೆ ಮದ್ದು ನೀರಿನ ಹಿಡಿತ. ಮನೆಯ ಮೇಲ್ಬದಿಗೆ ಅಡ್ಡಲಾಗಿ ಕಾಂಕ್ರೀಟ್ ಹಾಸಿದ ಚರಂಡಿ ತೆಗೆದು, ನೀರನ್ನು ನಿವೇಶನದಾಚೆ ಬಿಡಿ. ಬರೀ ಮಣ್ಣಿನ ಚರಂಡಿ ತಾನೇ ಬಿರಿದು ನೀರು ಕುಡಿಯುತ್ತದೆ. ಚಾವಣಿಯ ನೀರು ಪೈಪಿನಲ್ಲೇ ಇಳಿಯಲಿ. ಇಂಗುಗುಂಡಿ, ಮಳೆನೀರು ಇಂಗಿಸುವ ಹೊಂಡ ಮೇಲ್ಬದಿಗೆ ಬೇಡವೇ ಬೇಡ. ಗೋಡೆ ಸುತ್ತ 1.5ರಿಂದ 2 ಮೀಟರ್ ಅಗಲ, ಹೊರಕ್ಕೆ ಇಳುಕಲಾಗಿ ಕಾಂಕ್ರೀಟ್ ಹಾಸಿ. ಗೋಡೆ ಸೇರುವ ಸಂದಿಗೆ ಬಿಟುಮೆನ್ ತುಂಬಿ. ಬೇವು, ನೀಲಗಿರಿಯಂಥ ಮರ ಅದರ ಎತ್ತರದಷ್ಟಾದರೂ ದೂರವಿರಲಿ.

ಇಳಿಜಾರಿನ ಬುಡ ಕಡಿಯಬೇಡಿ, ನೆತ್ತಿಗೆ ಮಣ್ಣು ಹೇರಬೇಡಿ. ತಡೆಗೋಡೆ ಅನಿವಾರ್ಯವಾದರೆ ಅಗೆದ ಎರೆಮಣ್ಣನ್ನೇ ಹಿಂದೆ ತುಂಬದೆ ಗರಸು ತುಂಬಿ. ಗೋಡೆಗೆ ತಾಗಿ 300 ಮಿ.ಮೀ. ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಒಂದೂವರೆ ಮೀಟರಿಗೊಂದು 75 ಮಿ.ಮೀ. ನೀರುಗಂಡಿ. ಬಟ್ಟೆಯ ಖರ್ಚು ಉಳಿಸಲು ಹೋದರೆ ಜೇಡಿ ನುಗ್ಗಿ ಗಂಡಿ ಕಟ್ಟಿಕೊಳ್ಳುತ್ತದೆ, ನಿಂತ ನೀರು ಗೋಡೆಯನ್ನೇ ನೂಕುತ್ತದೆ.

ಕಿಟಕಿ ಮೂಲೆಯ ಓರೆ ಬಿರುಕು ಮಣ್ಣಿನ ಉಬ್ಬುಕುಗ್ಗಿನದು. ನೆತ್ತಿಯಲ್ಲಿ ಕಮಾನಿನಂಥ ಬಿರುಕು, ವಾಲಿದ ಬೇಲಿಕಂಬ, ಬುಡದಲ್ಲಿ ಉಬ್ಬಿದ ನೆಲ ಕಂಡರೆ ಇಳಿಜಾರು ಆಗಲೇ ಹೊರಟಿದೆ ಎಂದರ್ಥ. ಆ ಬಿರುಕಿಗೆ ಜೇಡಿ ತುಂಬಿ ದಮ್ಮಸು ಮಾಡಿ, ತಾಡಪಾಲು ಹೊದಿಸಿ. ಜೋರು ಮಳೆಯಿದ್ದರೆ ಮನೆ ಖಾಲಿ ಮಾಡಿ, ಮಣ್ಣಿನ ಎಂಜಿನಿಯರ್ ಬಂದು ನೋಡುವವರೆಗೆ ಒಳಗೆ ಮಲಗಬೇಡಿ.