ಗಿಡಗಳ ಟ್ಯಾಂಕಿಗೆ ಮುಖ್ಯ ಮೀನನ್ನು ನಾನು ಆರಿಸಿದ್ದು ಹೀಗೆ

ನನ್ನ ಟ್ಯಾಂಕಿನಲ್ಲಿ ಎಲ್ಲರ ಕಣ್ಣು ಮೊದಲು ಹೋಗುವ ಮೀನು ಯಾವುದೋ, ಅದನ್ನು ನಾನು ತಂದಿದ್ದು ಎಲ್ಲಕ್ಕಿಂತ ಕೊನೆಗೆ. ಸಾಮಾನ್ಯವಾಗಿ ಜನ ಅದರಿಂದಲೇ ಶುರು ಮಾಡುತ್ತಾರೆ. ಅಂಗಡಿಯಲ್ಲಿ ಒಂದು ನೀಲಿ ಮೀನು ಹೊಳೆಯುತ್ತಿರುತ್ತದೆ, ಮನಸ್ಸು ಸೋಲುತ್ತದೆ, ಕವರಿನಲ್ಲಿ ಹಾಕಿಸಿಕೊಂಡು ಬಂದು ಬಿಡುತ್ತಾರೆ. ಅದಕ್ಕೆ ಯಾವ ನೀರು ಬೇಕು, ಯಾರ ಜೊತೆ ಹೊಂದುತ್ತದೆ ಅನ್ನೋ ವಿಚಾರ ಆಮೇಲೆ. ನಾನು ಮೊದಲು ನೀರು ನೋಡಿದೆ, ಆಮೇಲೆ ಗಿಡ, ಆಮೇಲೆ ಗುಂಪಿನ ಸಣ್ಣ ಮೀನು. ಬಣ್ಣದ ಸರದಿ ಬಂದಿದ್ದು ಅದಾದ ಮೇಲೆ.

ಟ್ಯಾಂಕ್ ಮೂರು ಅಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರ. ಲೆಕ್ಕಕ್ಕೆ ಸುಮಾರು 159 ಲೀಟರ್. ಆದರೆ ತಳದ ಮಣ್ಣು, ಕಲ್ಲು, ಮರದ ಬೇರು ಎಲ್ಲ ಕಳೆದರೆ ನಿಜವಾಗಿ ನಿಲ್ಲುವ ನೀರು ಅದಕ್ಕಿಂತ ಎಷ್ಟೋ ಕಡಿಮೆ. ಮೀನಿನ ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು. ಹಿಂಭಾಗದಲ್ಲಿ ವ್ಯಾಲಿಸ್ನೇರಿಯಾ, ಮಧ್ಯದಲ್ಲಿ ಕ್ರಿಪ್ಟೊಕೋರಿನ್ ವೆಂಡ್ಟಿ, ಬೇರಿಗೆ ದಾರದಲ್ಲಿ ಕಟ್ಟಿದ ಜಾವಾ ಫರ್ನ್ ಮತ್ತು ಅನೂಬಿಯಾಸ್, ಮೇಲೆ ತೇಲುವ ಒಂದಿಷ್ಟು ಅಂತರಗಂಗೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲ. ಸಾಧಾರಣ ಎಲ್‌ಇಡಿ ಬೆಳಕು. ಸಣ್ಣ ಮೀನುಗಳ ಪೈಕಿ ಒಂದು ಡಜನ್ ಹಾರ್ಲೆಕ್ವಿನ್ ರಸ್ಬೋರಾ, ತಳದಲ್ಲಿ ಆರು ಬ್ರಾಂಜ್ ಕೋರಿ, ಜೊತೆಗೆ ಚೆರ್ರಿ ಸೀಗಡಿಗಳು.

ಈಗ ನೀರಿನ ವಿಷಯ. ಬೆಂಗಳೂರಿನಲ್ಲಿ ಮೀನು ಸಾಕುವವರಿಗೆ ಇದು ದೊಡ್ಡ ತಲೆನೋವು. ಕಾವೇರಿ ನೀರು ಬಂದ ದಿನ ಒಂದು ಥರ, ಬೋರ್ ನೀರು ಬಂದ ದಿನ ಇನ್ನೊಂದು ಥರ, ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಅದರ ಜಾತಕವೇ ಬೇರೆ. ಟಿಡಿಎಸ್ ಮೀಟರ್ ಎಲ್ಲರ ಮನೆಯಲ್ಲೂ ಇರುತ್ತದೆ. ಆದರೆ ಅದು ಹೇಳುವುದು ನೀರಿನಲ್ಲಿ ಕರಗಿರುವ ಎಲ್ಲದರ ಅಂದಾಜು ಮಾತ್ರ. ನೀರಿನ ಗಡಸುತನ ಎಷ್ಟು ಅಂತ ತಿಳಿಯಬೇಕಾದರೆ ಜಿಎಚ್ (ಒಟ್ಟು ಗಡಸುತನ), ಕೆಎಚ್ (ಕಾರ್ಬೊನೇಟ್ ಗಡಸುತನ) ನೋಡುವ ಹನಿ ಹಾಕುವ ಕಿಟ್ ಬೇಕು. ಒಂದು ಸಲ ತಂದರೆ ತುಂಬಾ ಕಾಲ ಬರುತ್ತದೆ. ನಮ್ಮ ಮನೆಯಲ್ಲಿ ನೆಲದಡಿಯ ಸಂಪ್‌ಗೆ ಕಾವೇರಿ, ಬೋರ್ ಎರಡೂ ನೀರು ಬೀಳುತ್ತದೆ. ಹಾಗಾಗಿ ನನ್ನ ಮೊದಲ ನಿಯಮ ಗಟ್ಟಿಯಾಯಿತು: ನೀರು ಸ್ವಲ್ಪ ಹೆಚ್ಚುಕಡಿಮೆ ಆದರೂ ತಡೆದುಕೊಳ್ಳುವ ಮೀನು ಬೇಕು. ಮೀನಿಗೋಸ್ಕರ ದಿನಾ ಆರ್‌ಓ ನೀರು ಹಿಡಿದಿಡುವ ಕೆಲಸ ನನ್ನಿಂದ ಆಗುವಂಥದ್ದಲ್ಲ.

ಮೊದಲ ಏಟಿಗೇ ಜರ್ಮನ್ ಬ್ಲೂ ರಾಮ್ ಪಟ್ಟಿಯಿಂದ ಹೊರಗೆ ಹೋಯಿತು. ಮನಸ್ಸಿಗೆ ನೋವಾಯಿತು ಬಿಡಿ, ಅಷ್ಟು ಚೆಂದದ ಮೀನು ಅದು. ಹಳದಿ ಮೈ, ನೀಲಿ ಚುಕ್ಕಿ, ಕೆಂಪು ಕಣ್ಣು. ವೆನೆಜುವೆಲಾ ಮತ್ತು ಕೊಲಂಬಿಯಾದ ಒರಿನೊಕೊ ಬಯಲಿನ ಬಿಸಿ, ಮೆದು ನೀರಿನದು. ಅದಕ್ಕೆ 27ರಿಂದ 30 ಡಿಗ್ರಿ ಬೇಕು. ಬೆಂಗಳೂರಿನ ಡಿಸೆಂಬರ್‌ನಲ್ಲಿ ಹೀಟರ್ ಇಲ್ಲದೆ ಆಗೋದಿಲ್ಲ. ಹೀಟರ್ ಹಾಕಿ ವರ್ಷವಿಡೀ 29ರಲ್ಲಿ ಇಟ್ಟರೆ ನನ್ನ ಕೋರಿಗಳಿಗೆ ಹಿಂಸೆ. ಒಂದಕ್ಕೋಸ್ಕರ ಆರನ್ನು ಬೇಯಿಸುವುದು ಯಾವ ನ್ಯಾಯ?

ಏಂಜೆಲ್ ಮೀನನ್ನು ಎಲ್ಲರೂ ಸೂಚಿಸಿದರು. ಗಿಡಗಳ ನಡುವೆ ಅದು ನಿಧಾನಕ್ಕೆ ಸರಿಯುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಏಂಜೆಲ್ ರೆಕ್ಕೆ ಸೇರಿಸಿ ಎತ್ತರದಲ್ಲಿ 20 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಮಣ್ಣು ಹಾಕಿದ ಮೇಲೆ 18 ಇಂಚಿನ ಟ್ಯಾಂಕಿನಲ್ಲಿ ಉಳಿಯುವ ಎತ್ತರ ಎಷ್ಟು? ಬಾಯಿಗೆ ಹಿಡಿಸುವ ಮೀನನ್ನು ಅದು ನುಂಗುತ್ತದೆ. ನಿಯಾನ್ ಟೆಟ್ರಾದಂಥ ಸಪೂರ ಮೀನು ಇದ್ದರಂತೂ ಒಂದೊಂದೇ ಕಾಣೆಯಾಗುತ್ತವೆ. ಜೋಡಿ ಕಟ್ಟಿ ಮೊಟ್ಟೆ ಇಟ್ಟರೆ ಅರ್ಧ ಟ್ಯಾಂಕ್ ತಮ್ಮದು ಅಂತ ಕೂತುಬಿಡುತ್ತವೆ. ನಾಲ್ಕಡಿ ಉದ್ದ, ಎರಡಡಿ ಎತ್ತರದ ಟ್ಯಾಂಕ್ ಇದ್ದವರು ಸಾಕಲಿ.

ಮಿಸ್ ಕೇರಳದ ಬಗ್ಗೆಯೂ ಯೋಚಿಸಿದ್ದೆ. ನಮ್ಮ ಪಶ್ಚಿಮ ಘಟ್ಟದ್ದೇ ಮೀನು, ಕೊಡಗಿನಲ್ಲಿ ಹುಟ್ಟಿ ಕಾಸರಗೋಡಿನ ಹತ್ತಿರ ಸಮುದ್ರ ಸೇರುವ ಚಂದ್ರಗಿರಿ ಹೊಳೆಯಲ್ಲೂ ಇದೆ. ಮೂಗಿನಿಂದ ಮೈ ಮಧ್ಯದವರೆಗೆ ಕೆಂಪು ಪಟ್ಟಿ, ಅದರ ಕೆಳಗೆ ಕಪ್ಪು ಗೆರೆ. ಆದರೆ ಅದು ಹರಿಯುವ, ತಂಪಾದ, ಆಮ್ಲಜನಕ ಜಾಸ್ತಿ ಇರುವ ಹೊಳೆಯ ಓಟಗಾರ. ಗುಂಪಾಗಿ ಇರಬೇಕು, ಬೆಳೆದರೆ ಗೇಣುದ್ದಕ್ಕೆ ಸ್ವಲ್ಪ ಕಡಿಮೆ. ಮೂರಡಿಯಲ್ಲಿ ಅದಕ್ಕೆ ಈ ಗೋಡೆಯಿಂದ ಆ ಗೋಡೆಗೆ ಡಿಕ್ಕಿ ಹೊಡೆಯುವುದೇ ಕೆಲಸವಾಗುತ್ತದೆ. ಕಾಡಿನಿಂದ ಹಿಡಿದು ಹಿಡಿದು ಅಳಿವಿನ ಅಂಚಿಗೆ ಬಂದ ಮೀನು ಅದು. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಮೊದಲ ಅನುಸೂಚಿಗೂ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೂ ಸೇರಿದೆ. ಅದು ಹೊಳೆಯಲ್ಲೇ ಇರಲಿ.

ಇಷ್ಟು ಜರಡಿ ಹಿಡಿದ ಮೇಲೆ ಬಣ್ಣದ ಮಾತು. ಇಲ್ಲಿ ನನ್ನದೊಂದು ಹಟ ಇದೆ. ಗಿಡಗಳ ಟ್ಯಾಂಕಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಬಣ್ಣ ಹಸಿರು. ಹಸಿರಿನ ಮುಂದೆ ಕಿತ್ತಳೆ, ಕೆಂಪು, ಜೇನಿನ ಬಣ್ಣ ಎದ್ದು ಕಾಣುತ್ತವೆ. ತೆಳು ನೀಲಿ ಹಸಿರಿನಲ್ಲೇ ಕರಗಿ ಹೋಗುತ್ತದೆ. ಕೆಂಪು ರೊಟಾಲಾ, ಕೆಂಪು ಲುಡ್ವಿಜಿಯಾದಂಥ ಗಿಡ ತುಂಬಿಸಿದ ಟ್ಯಾಂಕಿಗೆ ಕೆಂಪು ಮೀನು ಬಿಟ್ಟರೆ ಎರಡೂ ಒಂದನ್ನೊಂದು ಮಂಕು ಮಾಡುತ್ತವೆ. ಗುಂಪಿನ ಮೀನೂ ಥಳಥಳ, ಮುಖ್ಯ ಮೀನೂ ಥಳಥಳ ಆದರೂ ಕಷ್ಟವೇ. ಮದುವೆ ಮನೆಯಲ್ಲಿ ಎಲ್ಲರೂ ಜರಿ ಸೀರೆ ಉಟ್ಟರೆ ಮದುಮಗಳನ್ನು ಹುಡುಕಬೇಕಾಗುತ್ತದೆ, ಅಲ್ವಾ? ನನ್ನ ರಸ್ಬೋರಾಗಳದ್ದು ತಾಮ್ರದ ಬಣ್ಣ, ಹಿಂಭಾಗದಲ್ಲಿ ಒಂದು ಕಪ್ಪು ತ್ರಿಕೋನ. ಅವು ಚುರುಕಾಗಿ ಒಟ್ಟಿಗೆ ಓಡಾಡುತ್ತವೆ. ಹಾಗಾದರೆ ಮುಖ್ಯ ಮೀನು ದೊಡ್ಡದಿರಬೇಕು, ನಿಧಾನ ಇರಬೇಕು, ಮಧ್ಯದಿಂದ ಮೇಲಿನ ಭಾಗದಲ್ಲಿ ಇರಬೇಕು. ನಿಧಾನಕ್ಕೆ ಚಲಿಸುವುದೂ ಕಣ್ಣು ಸೆಳೆಯುತ್ತದೆ ಅನ್ನುವುದನ್ನು ಬಣ್ಣದ ಹುಚ್ಚಿನಲ್ಲಿ ನಾವು ಮರೆಯುತ್ತೇವೆ.

ಹೀಗೆ ಬಂದು ನಿಂತಿದ್ದು ಪರ್ಲ್ ಗೌರಾಮಿ. ಒಂದು ಗಂಡು, ಎರಡು ಹೆಣ್ಣು. ದಕ್ಷಿಣ ಥಾಯ್ಲೆಂಡ್, ಮಲಯ ಪರ್ಯಾಯದ್ವೀಪ, ಸುಮಾತ್ರಾ, ಬೋರ್ನಿಯೊ ಇದರ ತವರು. ನನ್ನ ಹಾರ್ಲೆಕ್ವಿನ್‌ಗಳ ಊರೂ ಹೆಚ್ಚುಕಡಿಮೆ ಅದೇ. ಅಲ್ಲಿನ ಕಾಡಿನ ನಿಧಾನ ನೀರಿನಲ್ಲಿ ಕ್ರಿಪ್ಟೊಕೋರಿನ್ ಜಾತಿಯ ಗಿಡಗಳೂ ಬೆಳೆಯುತ್ತವೆ. ಹಾರ್ಲೆಕ್ವಿನ್‌ಗಳು ಮೊಟ್ಟೆ ಅಂಟಿಸುವುದೇ ಅಂಥ ಅಗಲ ಎಲೆಗಳ ಅಡಿಗೆ. ಗೌರಾಮಿ ಸುಮಾರು 12 ಸೆಂಟಿಮೀಟರ್ ಬೆಳೆಯುತ್ತದೆ. 24ರಿಂದ 28 ಡಿಗ್ರಿಯಲ್ಲಿ ಆರಾಮಾಗಿರುತ್ತದೆ. ನೀರು ಮೆದುವಿದ್ದರೂ ಸೈ, ಸ್ವಲ್ಪ ಗಡಸಾದರೂ ಸೈ. ಹೀಟರ್ ಇದೆ, ಆದರೆ ಚಳಿಗಾಲಕ್ಕೆ ಮಾತ್ರ, 25ಕ್ಕೆ ಇಟ್ಟು ಬಿಡುತ್ತೇನೆ.

ಅಂಗಡಿಯಲ್ಲಿ ಇದನ್ನು ನೋಡಿದರೆ ಯಾರೂ ಬೆರಗಾಗುವುದಿಲ್ಲ. ಎಳೆಯ ಮೀನು, ಮಾಸಲು ಕಂದು ಮೈ, ಮೇಲೆ ಬಿಳಿ ಚುಕ್ಕಿ, ಉದ್ದಕ್ಕೆ ಒಂದು ಕಪ್ಪು ಗೆರೆ. ಬಲಿತ ಗಂಡಿನ ಗಂಟಲಿನಿಂದ ಹೊಟ್ಟೆಯವರೆಗೆ ಬರುವ ಕಿತ್ತಳೆ-ಕೆಂಪು ಅಲ್ಲಿ ಇರುವುದೇ ಇಲ್ಲ. ನನ್ನ ಜೊತೆ ಬಂದ ಮಗಳು ಪಕ್ಕದ ಗಾಜಿನ ಗುಲಾಬಿ, ನೇರಳೆ ಬಣ್ಣದ ವಿಡೋ ಟೆಟ್ರಾ ತೋರಿಸಿ, "ಅಪ್ಪಾ, ಇದು ಎಷ್ಟು ಚೆನ್ನಾಗಿದೆ ನೋಡು" ಅಂದಳು. ಅಂಥ ಮೀನುಗಳಲ್ಲಿ ಕೆಲವಕ್ಕೆ ಬಣ್ಣ ಅದ್ದಿರುತ್ತಾರೆ, ಕೆಲವು ವಂಶವಾಹಿ ಬದಲಿಸಿದವು. ಅದ್ದಿದ ಬಣ್ಣ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಎಳೆಯ ರಾಮ್‌ಗಳು ಬಲಿತ ಮೀನಿನ ಥರ ಝಗಮಗಿಸುತ್ತಿದ್ದರೂ ಅನುಮಾನ ಪಡಬೇಕು, ಬೇಗ ಬಣ್ಣ ಬರಲಿ ಅಂತ ಹಾರ್ಮೋನ್ ಕೊಡುವ ಚಾಳಿ ಈ ವ್ಯಾಪಾರದಲ್ಲಿದೆ. ಒಳ್ಳೆಯ ಬಣ್ಣದ ಮೀನು ಅಂಗಡಿಯಲ್ಲಿ ಮಂಕಾಗಿರುವುದೇ ಸಹಜ. ಬರಿಯ ಗಾಜಿನ ತಳ, ಜೋರು ಬೆಳಕು, ಪ್ರಯಾಣದ ಸುಸ್ತು. ಮೀನು ಹೆದರಿದರೆ ಬಣ್ಣ ಒಳಗೆ ಎಳೆದುಕೊಳ್ಳುತ್ತದೆ.

ಅಂಗಡಿಯವರಿಗೆ ನಾನು ಕೇಳುವುದು ಒಂದೇ: "ಸರ್, ಸ್ವಲ್ಪ ಊಟ ಹಾಕಿ ನೋಡೋಣ." ನುಗ್ಗಿ ಬಂದು ತಿಂದರೆ ಅರ್ಧ ಪರೀಕ್ಷೆ ಪಾಸು. ಆಮೇಲೆ ಹೊಟ್ಟೆ ಒಳಗೆ ಹೋಗಿದೆಯಾ, ರೆಕ್ಕೆ ಮುದುರಿಕೊಂಡಿದೆಯಾ, ಬಿಳಿ ದಾರದಂಥ ಹಿಕ್ಕೆ ನೇತಾಡುತ್ತಿದೆಯಾ ಅಂತ ನೋಡುತ್ತೇನೆ. ನಾವು ಕೊಳ್ಳುವ ಮೀನನ್ನಷ್ಟೇ ಅಲ್ಲ, ಆ ತೊಟ್ಟಿಯ ಎಲ್ಲ ಮೀನನ್ನೂ ನೋಡಬೇಕು. ಮೂಲೆಯಲ್ಲಿ ಒಂದು ಸತ್ತು ಬಿದ್ದಿದ್ದರೆ ಸುಮ್ನೆ ವಾಪಸ್ ಬರುವುದು. ಗೌರಾಮಿಗೆ ಎದೆಯ ಕೆಳಗೆ ಎರಡು ಉದ್ದ ಎಳೆಗಳಿರುತ್ತವೆ, ಅವುಗಳಿಂದ ತಡವಿ ತಡವಿ ಲೋಕ ತಿಳಿಯುತ್ತದೆ. ಅವು ತುಂಡಾಗಿರಬಾರದು. ಗಂಡಿನ ಬೆನ್ನಿನ ರೆಕ್ಕೆ ಉದ್ದವಾಗಿ ಚೂಪಾಗಿರುತ್ತದೆ, ಹೆಣ್ಣಿನದು ಗಿಡ್ಡ, ದುಂಡು. ತೀರಾ ಎಳೆಯದರಲ್ಲಿ ಇದು ಗೊತ್ತಾಗುವುದಿಲ್ಲ, ಹಾಗಾಗಿ ನಾನು ಸ್ವಲ್ಪ ಬೆಳೆದವನ್ನೇ ತಂದೆ. ಎರಡು ಗಂಡು ಬೇಡ ಅನ್ನುವುದೇ ಮುಖ್ಯ.

ತಂದ ಮೀನು ನೇರ ಟ್ಯಾಂಕಿಗೆ ಹೋಗಲಿಲ್ಲ. ಸ್ಪಾಂಜ್ ಫಿಲ್ಟರ್ ಹಾಕಿದ ಪ್ಲಾಸ್ಟಿಕ್ ಟಬ್ಬಿನಲ್ಲಿ ನಾಲ್ಕು ವಾರ ಬೇರೆ ಇಟ್ಟೆ. ಆ ಸ್ಪಾಂಜನ್ನು ಮೊದಲೇ ದೊಡ್ಡ ಟ್ಯಾಂಕಿನಲ್ಲಿ ಓಡಿಸಿಟ್ಟಿದ್ದರಿಂದ ಅದರಲ್ಲಿ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಕಳೆಯುವ ಬ್ಯಾಕ್ಟೀರಿಯಾ ಕೂತಿತ್ತು. ಇಲ್ಲದಿದ್ದರೆ ಟಬ್ಬಿನ ಅಮೋನಿಯಾಕ್ಕೇ ಮೀನು ನರಳುತ್ತದೆ. ಗೌರಾಮಿಗಳ ವಿಷಯದಲ್ಲಿ ಈ ತಾಳ್ಮೆ ಬೇಕೇ ಬೇಕು. ಡ್ವಾರ್ಫ್ ಗೌರಾಮಿಗೆ ಅದರದೇ ಒಂದು ಇರಿಡೋವೈರಸ್ ಇದೆ, ಅದಕ್ಕೆ ಮದ್ದಿಲ್ಲ. ಅಂಗಡಿಯಲ್ಲಿ ಎಲ್ಲ ಗೌರಾಮಿಗಳಿಗೂ ಬಲೆ ಒಂದೇ, ನೀರೂ ಒಂದೇ ಇರಬಹುದು. ಡ್ವಾರ್ಫ್ ಗೌರಾಮಿಯ ಆ ಕೆಂಪು-ನೀಲಿ ಪಟ್ಟಿ ನೋಡಿಯೂ ನಾನು ಕೈ ಹಾಕದಿದ್ದಕ್ಕೆ ಕಾರಣ ಇದೇ.

ಟ್ಯಾಂಕಿಗೆ ಬಿಟ್ಟಿದ್ದು ಸಂಜೆ, ದೀಪ ಆರಿಸಿ. ಟಬ್ಬಿನ ನೀರು, ಟ್ಯಾಂಕಿನ ನೀರು ಎರಡರ ಟಿಡಿಎಸ್ ಹತ್ತಿರ ಹತ್ತಿರ ಇತ್ತು. ಅಂತರ ಜಾಸ್ತಿ ಇದ್ದರೆ ಏರ್ ಪೈಪಿಗೆ ಗಂಟು ಹಾಕಿ ಹನಿ ಹನಿಯಾಗಿ ಟ್ಯಾಂಕಿನ ನೀರು ಬೆರೆಸಬೇಕು. ಶುರುವಿನಲ್ಲಿ ಮೂರೂ ವ್ಯಾಲಿಸ್ನೇರಿಯಾದ ಹಿಂದೆ ಅಡಗಿಕೊಂಡಿದ್ದವು. ಪರ್ಲ್ ಗೌರಾಮಿ ಪುಕ್ಕಲು. ಆದರೆ ಮುಂದೆ ಸಣ್ಣ ಮೀನುಗಳು ನಿರಾಳವಾಗಿ ಓಡಾಡುತ್ತಿದ್ದರೆ, ಅಪಾಯ ಇಲ್ಲ ಅಂತ ಅದಕ್ಕೂ ಧೈರ್ಯ ಬರುತ್ತದೆ. ಗುಂಪಿನ ಮೀನನ್ನು ಮೊದಲೇ ನೆಲೆ ನಿಲ್ಲಿಸಿದ್ದರ ಲಾಭ ಇದು. ಮೇಲಿನ ಅಂತರಗಂಗೆಯ ನೆರಳೂ ಸಹಾಯ ಮಾಡಿತು. ಅಂದಹಾಗೆ ಅಂತರಗಂಗೆ ಹೆಚ್ಚಾದರೆ ಕಸದ ಬುಟ್ಟಿಗೆ ಅಥವಾ ಗೊಬ್ಬರಕ್ಕೆ ಹಾಕಿ, ದಯವಿಟ್ಟು ಕೆರೆಗೆ ಎಸೆಯಬೇಡಿ.

ಗೌರಾಮಿ ನೀರಿನ ಮೇಲ್ಮೈಗೆ ಬಂದು ಗಾಳಿಯನ್ನೇ ನುಂಗುತ್ತದೆ. ಕಿವಿರಿನ ಮೇಲೆ ಅದಕ್ಕೊಂದು ಬೇರೆಯೇ ಉಸಿರಾಟದ ಅಂಗ ಇದೆ. ಹಾಗಾಗಿ ಇಡೀ ಮೇಲ್ಮೈ ಎಲೆಗಳಿಂದ ಮುಚ್ಚಿಹೋಗಲು ಬಿಡುವುದಿಲ್ಲ, ಮುಚ್ಚಳವಂತೂ ಸದಾ ಇರುತ್ತದೆ. ಒಳಗಿನ ಬೆಚ್ಚನೆಯ, ತೇವದ ಗಾಳಿ ಅದಕ್ಕೆ ಒಳ್ಳೆಯದು. ಫಿಲ್ಟರಿನ ಬಾಯಿಯನ್ನು ಹಿಂದಿನ ಗಾಜಿಗೆ ತಿರುಗಿಸಿದ್ದೇನೆ. ನೀರು ಶಾಂತವಾದ ಮೇಲೆ ಗಂಡು ಒಂದು ಮೂಲೆಯಲ್ಲಿ ಎಲೆಗಳ ಕೆಳಗೆ ನೊರೆಯ ಗೂಡು ಕಟ್ಟಿತು. ಆಗ ಬಂತು ನೋಡಿ ಬಣ್ಣ! ಗಂಟಲು, ಎದೆ, ಹೊಟ್ಟೆಯ ರೆಕ್ಕೆ ಪೂರ್ತಿ ಕೆಂಡ. ಹೆಣ್ಣುಗಳನ್ನು ಅಟ್ಟುತ್ತಿತ್ತು, ಆದರೆ ಅವು ಎರಡಿದ್ದುದರಿಂದ ಮತ್ತು ಗಿಡ ದಟ್ಟ ಇದ್ದುದರಿಂದ ಯಾರಿಗೂ ಗಾಯ ಆಗಲಿಲ್ಲ.

ಬಣ್ಣ ಉಳಿಸಿಕೊಳ್ಳಲು ಮಾಡುವುದು ಇಷ್ಟೇ. ಹಿಂದಿನ ಗಾಜಿಗೆ ಕಪ್ಪು ಹಾಳೆ, ತಳಕ್ಕೆ ಗಾಢ ಬಣ್ಣದ ಮರಳು. ತಿಳಿ ತಳದ ಮೇಲೆ ಮೀನು ತಾನೂ ತಿಳಿಯಾಗುತ್ತದೆ. ಕಿತ್ತಳೆ ಮತ್ತು ಕೆಂಪು ಬಣ್ಣದ ಕ್ಯಾರೊಟಿನಾಯ್ಡ್‌ಗಳನ್ನು ಮೀನು ತಾನಾಗಿ ತಯಾರಿಸಲಾರದು, ಊಟದಿಂದ ಬರಬೇಕು. ಸ್ಪಿರುಲಿನಾ ಇರುವ ಸಣ್ಣ ಕಾಳು, ವಾರಕ್ಕೆರಡು ಸಲ ಫ್ರೋಜನ್ ಡ್ಯಾಫ್ನಿಯಾ ಅಥವಾ ಬ್ರೈನ್ ಶ್ರಿಂಪ್ ಕೊಡುತ್ತೇನೆ. ನೀಲಿಯ ಕತೆ ಬೇರೆ. ಅದು ಚರ್ಮದೊಳಗಿನ ಸೂಕ್ಷ್ಮ ಹರಳುಗಳು ಬೆಳಕನ್ನು ಮರಳಿಸುವುದರಿಂದ ಕಾಣುವ ಬಣ್ಣ. ಹಾಗಾಗಿ ಬಣ್ಣ ಹೆಚ್ಚಿಸುವ ಆಹಾರ ಅಂತ ದುಡ್ಡು ಸುರಿದರೂ ನೀಲಿ ಮೀನಿಗೆ ಏನೂ ಆಗದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಒಂದು ನಷ್ಟ ಇದ್ದೇ ಇದೆ: ಸೀಗಡಿ ಮರಿಗಳು ಗೌರಾಮಿಯ ಬಾಯಿಗೆ ಹೋಗುತ್ತವೆ. ಜಾವಾ ಮಾಸ್ ದಟ್ಟವಾಗಿ ಬೆಳೆಸಿರುವುದರಿಂದ ಸಂತತಿ ನಿಂತಿಲ್ಲ.

ಪೂರ್ತಿ ಬೋರ್ ನೀರೇ ಗತಿ ಅನ್ನುವವರು ರೇನ್‌ಬೋ ಮೀನಿನ ಕಡೆ ನೋಡಬಹುದು. ಬೋಸ್ಮಾನಿ ರೇನ್‌ಬೋ ಇಂಡೋನೇಷ್ಯಾದ ಪಪುವಾ ಪ್ರದೇಶದ ಅಯಮಾರು ಸರೋವರಗಳದ್ದು, ಗಡಸು ನೀರಿಗೆ ಹೇಳಿ ಮಾಡಿಸಿದ್ದು. ಮುಂದಿನ ಅರ್ಧ ನೀಲಿ, ಹಿಂದಿನ ಅರ್ಧ ಕಿತ್ತಳೆ. ಎಳೆಯದರಲ್ಲಿ ಆ ಬಣ್ಣ ಕಾಣದು, ಮತ್ತೆ ನಾಲ್ಕಡಿ ಟ್ಯಾಂಕ್ ಬೇಕು.

ಎರಡಡಿ ಟ್ಯಾಂಕ್ ಇದ್ದವರಿಗೆ ನಾನು ಹೇಳುವುದು ಹನಿ ಗೌರಾಮಿ (ಇಲ್ಲಿ ಹನಿ ಅಂದರೆ ಇಂಗ್ಲಿಷಿನ ಹನಿ, ಜೇನು). ಈಶಾನ್ಯ ಭಾರತ ಮತ್ತು ಬಾಂಗ್ಲಾದೇಶದ ಮೀನು. ಇದನ್ನೂ ಡ್ವಾರ್ಫ್ ಗೌರಾಮಿಯನ್ನೂ 1822ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಮಡಿದ ಮೇಲೆ, 1800-01ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿ ಇಲ್ಲಿನ ಬೆಳೆ, ಬದುಕು ಬರೆದಿಟ್ಟ ಬುಕಾನನ್ ಅಂತ ಇತಿಹಾಸದಲ್ಲಿ ಓದಿದ್ದೇವಲ್ಲ, ಅದೇ ಮನುಷ್ಯ! ಹನಿ ಗೌರಾಮಿ ಐದು ಸೆಂಟಿಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಜಗಳಗಂಟ ಅಲ್ಲ. ಬೆದೆಗೆ ಬಂದ ಗಂಡಿನ ಮೈ ಜೇನಿನ ಬಣ್ಣಕ್ಕೆ ತಿರುಗಿ ಗಂಟಲು ಕಪ್ಪುನೀಲಿಯಾಗುತ್ತದೆ. ಅಂಗಡಿಯಲ್ಲಿ ಮಂಕಾಗಿಯೇ ಇರುವುದರಿಂದ ಗಂಡು ಹೆಣ್ಣು ಗೊತ್ತಾಗುವುದು ಕಷ್ಟ, ನಾಲ್ಕೈದು ಎಳೆಯ ಮೀನು ಒಟ್ಟಿಗೆ ತಂದು ಬೆಳೆಸಿ. ಕೆಂಪು ಹನಿ ಗೌರಾಮಿ ಅಂತ ಹೇಳಿ ಬೇರೆ ಜಾತಿಯ ಕೆಂಪು ತಳಿಗಳನ್ನೂ ಮಾರುತ್ತಾರೆ, ಅವು ಇನ್ನೂ ದೊಡ್ಡದಾಗುತ್ತವೆ. ಕೇಳಿ, ಖಾತ್ರಿ ಮಾಡಿಕೊಂಡು ತಗೊಳ್ಳಿ.